ಪ್ರೋಗ್ರಾಮರ್ ಬರಬೇಕೆ, ಪ್ರೋಗ್ರಾಂ ಬಂದರೆ ಸಾಕೆ?

ಕಂಪ್ಯೂಟರ್ ಚೆಸ್ ಟೂರ್ನಿಯಲ್ಲಿ ಆಡುವುದು ಪ್ರೋಗ್ರಾಂ; ಅದನ್ನೇ ಎಂಜಿನ್ ಎಂದೂ ಕರೆಯುತ್ತಾರೆ. ಅದನ್ನು ಬರೆದವರು ಆಟ ಶುರುವಾದ ಮೇಲೆ ಒಂದು ನಡೆಯನ್ನೂ ಸೂಚಿಸುವಂತಿಲ್ಲ. ಹಾಗಿದ್ದರೂ ಹಲವು ಟೂರ್ನಿಗಳು ಪ್ರೋಗ್ರಾಮರ್ ಅಥವಾ ಅವರ ತಂಡದ ಒಬ್ಬರು ಸಭಾಂಗಣದಲ್ಲೇ ಇರಬೇಕು ಎಂದು ಬಯಸುತ್ತ ಬಂದಿವೆ. ಒಂಬತ್ತು ಸುತ್ತಿನ ಟೂರ್ನಿಯನ್ನು ದಿನಕ್ಕೆ ಎರಡು ಸುತ್ತಿನಂತೆ ಆಡಿಸಿದರೂ ಓಡಾಟ ಸೇರಿ ಒಂದು ವಾರ ಹೋಗುತ್ತದೆ. ಹೆಚ್ಚಿನ ಎಂಜಿನ್‌ಗಳನ್ನು ಬರೆಯುವವರು ಸಂಬಳದ ಕೆಲಸ ಮುಗಿಸಿ, ರಾತ್ರಿ ಮತ್ತು ವಾರಾಂತ್ಯದಲ್ಲಿ ಕೋಡ್ ಮುಂದೆ ಕೂರುವವರು. ಅವರಿಗೆ ಆ ವಾರವೇ ದುಬಾರಿ.

ಈ ಪ್ರಶ್ನೆಗೆ ಈಗ ಹೊಸ ತುರ್ತು ಬಂದಿದೆ. 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರುವಾದ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಷಿಪ್, 2024ರಲ್ಲಿ ಸ್ಪೇನಿನ ಸಾಂಟಿಯಾಗೊ ಡೆ ಕಾಂಪೊಸ್ಟೆಲಾದಲ್ಲಿ ನಡೆದ ಆವೃತ್ತಿಯೊಂದಿಗೆ ಕೊನೆಗೊಂಡಿತು. ಅದನ್ನು ನಡೆಸುತ್ತಿದ್ದ ಇಂಟರ್‌ನ್ಯಾಷನಲ್ ಕಂಪ್ಯೂಟರ್ ಗೇಮ್ಸ್ ಅಸೋಸಿಯೇಷನ್, ಅಂದರೆ ಐಸಿಜಿಎ, ಸರಣಿಯನ್ನು ಅಲ್ಲಿಗೆ ನಿಲ್ಲಿಸಿತು. ಎದುರುಬದುರು ಕೂತು ಆಡಿಸುವ ಟೂರ್ನಿಗಳಲ್ಲಿ ಅತಿ ಹಳೆಯ ಬಿರುದೇ ಹೋದ ಮೇಲೆ, ಮುಂದೆ ಇಂಥ ಟೂರ್ನಿಗೆ ನಿಯಮ ಬರೆಯುವವರು ಹಾಜರಿಯ ಪ್ರಶ್ನೆಯನ್ನು ಬುಡದಿಂದ ಯೋಚಿಸಲೇಬೇಕು.

ನಮ್ಮ ನಿಲುವು ಇಷ್ಟು: ಹಾಜರಿ ಬೇಕೋ ಬೇಡವೋ ಎಂಬುದನ್ನು ಯಂತ್ರ ಎಲ್ಲಿದೆ ಎಂಬುದು ನಿರ್ಧರಿಸಬೇಕು. ಬರೆದವರು ಯಾರು ಎಂಬುದಕ್ಕೂ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದಕ್ಕೂ ಗಂಟು ಹಾಕಿದ್ದರಿಂದ ಐವತ್ತು ವರ್ಷಗಳಲ್ಲಿ ಆದ ಲಾಭ ಕಡಿಮೆ.

ಮೊದಲ ದಿನದಿಂದಲೂ ದೂರದ ಯಂತ್ರ

ಯಂತ್ರವನ್ನು ಎಲ್ಲೋ ಇಟ್ಟು ಆಡಿಸುವುದು ಅಂತರ್ಜಾಲ ಬಂದ ಮೇಲಿನ ಅಭ್ಯಾಸ ಎಂದು ಅನೇಕರು ತಿಳಿದಿದ್ದಾರೆ. ಸಂಗತಿ ತಿರುವುಮುರುವಾಗಿದೆ. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ನಡೆಸಿದ ಟೂರ್ನಿಯಲ್ಲಿ ಆರು ಪ್ರೋಗ್ರಾಂಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಬೇರೆಡೆಯ ದೊಡ್ಡ ಕಂಪ್ಯೂಟರ್‌ಗಳಲ್ಲಿ ಓಡುತ್ತ ಟೆಲಿಫೋನ್ ತಂತಿಯ ಮೂಲಕ ನಡೆ ಕಳಿಸಿದವು. 1974ರಲ್ಲಿ ವಿಶ್ವ ಚಾಂಪಿಯನ್ ಆದ ಸೋವಿಯತ್ ಪ್ರೋಗ್ರಾಂ ಕೈಸ್ಸಾ ಓಡಿದ್ದು ಮಾಸ್ಕೋದಲ್ಲಿದ್ದ ಐಸಿಎಲ್ ಯಂತ್ರದಲ್ಲಿ. ಸ್ಟಾಕ್‌ಹೋಮ್‌ಗೆ ಬಂದದ್ದು ಫೋನಿನಲ್ಲಿ ಹೇಳಿದ ನಡೆಗಳು ಮಾತ್ರ. ಕೋಣೆ ತುಂಬುವ ಕಂಪ್ಯೂಟರನ್ನು ಯಾರು ಹೊತ್ತು ತರುತ್ತಾರೆ? ಆದ್ದರಿಂದ ಅಂದು ಮನುಷ್ಯ ಬರುವುದು ಅನಿವಾರ್ಯವಾಗಿತ್ತು: ಫೋನ್ ಹಿಡಿಯಲು, ಹಲಗೆಯ ಮೇಲೆ ಕಾಯಿ ಸರಿಸಲು, ಗಡಿಯಾರ ಒತ್ತಲು ಒಬ್ಬರು ಬೇಕೇ ಬೇಕು.

ಯಂತ್ರವನ್ನೇ ಹೊತ್ತು ಹೊರಟವರ ಪಾಡು ಇನ್ನೊಂದು ಬಗೆ. ಬೆಲ್ ಲ್ಯಾಬ್ಸ್‌ನ ‘ಬೆಲ್’ (Belle) ಚೆಸ್‌ಗೆಂದೇ ಕಟ್ಟಿದ ಯಂತ್ರ, 1980ರ ವಿಶ್ವ ಚಾಂಪಿಯನ್. 1982ರಲ್ಲಿ ಅದನ್ನು ಮಾಸ್ಕೋಗೆ ಒಯ್ಯುವಾಗ ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಕಸ್ಟಮ್ಸ್ ಅಧಿಕಾರಿಗಳು ವಶಪಡಿಸಿಕೊಂಡರು. ಸುಧಾರಿತ ತಂತ್ರಜ್ಞಾನವನ್ನು ಸೋವಿಯತ್ ಒಕ್ಕೂಟಕ್ಕೆ ಸಾಗಿಸುತ್ತಿದ್ದಾರೆ ಎಂಬುದು ಶಂಕೆ. ಬಿಡಿಸಿಕೊಳ್ಳಲು 600 ಡಾಲರ್ ದಂಡ ಕಟ್ಟಬೇಕಾಯಿತು.

1980ರ ದಶಕದಿಂದ ಮೇಜಿನ ಮೇಲೆ ಕೂರುವ ಕಂಪ್ಯೂಟರ್‌ಗಳು ಬಲವಾದಂತೆ ಪ್ರೋಗ್ರಾಮರ್ ತನ್ನ ಪೆಟ್ಟಿಗೆಯನ್ನು ತಾನೇ ತಂದು ಮುಂದೆ ಇಟ್ಟುಕೊಂಡು ಕೂರುವ ಚಿತ್ರ ರೂಢಿಯಾಯಿತು. ಹಾಜರಿ ಸಹಜವೆನಿಸಿದ್ದು ಆಗ. ಆ ಕಾಲದ ಸ್ಥಿತಿಗೆ ತಕ್ಕುದಾಗಿದ್ದ ಅಭ್ಯಾಸ ಮುಂದೆ ನ್ಯಾಯದ ಮಾತಾಗಿ ಗಟ್ಟಿಯಾಯಿತು. ಈಗ ಮತ್ತೆ ಚಕ್ರ ತಿರುಗಿದೆ. ನೂರಾರು ಕೋರ್‌ಗಳ ಸರ್ವರ್, ಹಲವು ಗ್ರಾಫಿಕ್ಸ್ ಕಾರ್ಡ್ ಹಾಕಿದ ಯಂತ್ರ ಯಾವುದನ್ನೂ ಕೈಚೀಲದಲ್ಲಿ ತರಲಾಗದು. ಬಾಡಿಗೆಗೆ ಪಡೆದು ದೂರದಿಂದಲೇ ಓಡಿಸಬೇಕು.

ಆಪರೇಟರ್ ಮಾಡುವ ಕೆಲಸ

ಹಾಜರಿಯ ವಾದದಲ್ಲಿ ಎರಡು ಪಾತ್ರಗಳು ಕಲಸಿಹೋಗುತ್ತವೆ. ಬರೆದವರು ಬೇರೆ, ಆಡಿಸುವವರು ಬೇರೆ. ಸಭಾಂಗಣದಲ್ಲಿ ಬೇಕಾದದ್ದು ಆಡಿಸುವವರು, ಅಂದರೆ ಆಪರೇಟರ್.

ಕೈಯಾರೆ ಆಡಿಸುವ ಟೂರ್ನಿಯಲ್ಲಿ ಒಂದು ನಡೆಗೆ ಐದು ಹೆಜ್ಜೆ. ಎದುರಾಳಿಯ ಆಪರೇಟರ್ ಕಾಯಿ ಸರಿಸಿ ಗಡಿಯಾರ ಒತ್ತುತ್ತಾರೆ; ನಮ್ಮವರು ಅದನ್ನು ನೋಡಿ ಪರದೆಯಲ್ಲಿ ನಮೂದಿಸುತ್ತಾರೆ; ಎಂಜಿನ್ ಯೋಚಿಸಿ ಉತ್ತರ ಕೊಡುತ್ತದೆ; ಅದನ್ನು ಹಲಗೆಯ ಮೇಲೆ ಆಡಬೇಕು; ಗಡಿಯಾರ ಒತ್ತಬೇಕು. ಎಂಜಿನ್ ಯೋಚಿಸುವ ಹೊತ್ತು ಬಿಟ್ಟು ಉಳಿದದ್ದಕ್ಕೆ ನಡೆಗೆ ಐದು ಸೆಕೆಂಡ್ ಎಂದಿಟ್ಟುಕೊಂಡರೂ 60 ನಡೆಗೆ 300 ಸೆಕೆಂಡ್, ಅಂದರೆ ಐದು ನಿಮಿಷ ಸೋರಿಹೋಗುತ್ತದೆ. ಈ ಸೋರಿಕೆ ಎಂಜಿನ್‌ಗೆ ತಿಳಿಯದು. ಅದರ ಒಳಗಿನ ಗಡಿಯಾರ ಐದು ನಿಮಿಷ ಹೆಚ್ಚು ತೋರಿಸುತ್ತಿರುತ್ತದೆ, ಮೇಜಿನ ಮೇಲಿನದು ಕೆಂಪಿಗೆ ಹತ್ತಿರವಾಗಿರುತ್ತದೆ. ಹಾಗಾಗಿ ಪ್ರತಿ ಹತ್ತು ಹದಿನೈದು ನಡೆಗೊಮ್ಮೆ ಎರಡನ್ನೂ ಸರಿಹೊಂದಿಸುವುದು ಆಪರೇಟರ್‌ನ ಮುಖ್ಯ ಕೆಲಸ. ಪ್ರತಿ ನಡೆಗೆ ಹೆಚ್ಚುವರಿ ಸೆಕೆಂಡ್ ಸೇರುವ ಪದ್ಧತಿಯಿದ್ದರೆ ತಪ್ಪಿಗೆ ಸ್ವಲ್ಪ ಜಾಗವಿರುತ್ತದೆ. ಇಲ್ಲದಿದ್ದರೆ ಗೆಲ್ಲುವ ಆಟವನ್ನೂ ಸಮಯ ಮೀರಿ ಕಳೆದುಕೊಳ್ಳಬಹುದು.

ಇನ್ನೊಂದು ಅಪಾಯ ತಪ್ಪು ನಮೂದು. ಒಂದೇ ಚೌಕಕ್ಕೆ ಎರಡು ಕುದುರೆಗಳು ಬರಬಹುದಾದಾಗ ತಪ್ಪು ಕುದುರೆಯನ್ನು ಎಳೆಯುವುದು, ಪದಾತಿ ಬಡ್ತಿ ಪಡೆದಾಗ ತಪ್ಪು ಕಾಯಿಯ ಮೇಲೆ ಕ್ಲಿಕ್ ಮಾಡುವುದು. ಕೂಡಲೇ ಗೊತ್ತಾದರೆ ತೀರ್ಪುಗಾರರು ಹಿಂದಿನ ಸ್ಥಿತಿಗೆ ಮರಳಿಸುತ್ತಾರೆ. ಆದರೆ ಅಷ್ಟರಲ್ಲಿ ಎಂಜಿನ್ ತಪ್ಪು ಸ್ಥಿತಿಯನ್ನು ಯೋಚಿಸಿ ಸಮಯ ಸುಟ್ಟಿರುತ್ತದೆ. ಮರು ಆರಂಭಿಸಿದರೆ ಹ್ಯಾಶ್ ಟೇಬಲ್‌ನಲ್ಲಿ ಕೂಡಿಟ್ಟಿದ್ದ ಲೆಕ್ಕಾಚಾರವೂ ಅಳಿಸಿಹೋಗುತ್ತದೆ.

ಇವಾವುದಕ್ಕೂ ಎಂಜಿನ್ ಬರೆದವರೇ ಬೇಕಿಲ್ಲ. ಶಿಸ್ತಿನ, ಆ ಪರದೆಯ ಪರಿಚಯವಿರುವ ಯಾರಾದರೂ ಸಾಕು. ಒಬ್ಬರೇ ಎರಡು ಮೂರು ಪ್ರೋಗ್ರಾಂಗಳನ್ನು ನೋಡಿಕೊಳ್ಳಬಹುದು. ಆ ಪ್ರೋಗ್ರಾಂಗಳೇ ಪರಸ್ಪರ ಎದುರಾಗುವ ಸುತ್ತಿಗೆ ಮಾತ್ರ ಸಂಘಟಕರು ಇನ್ನೊಬ್ಬ ತಟಸ್ಥ ಆಪರೇಟರ್‌ನನ್ನು ಮೊದಲೇ ಗೊತ್ತುಮಾಡಿರಬೇಕು. ಇದನ್ನು ನಿಯಮದಲ್ಲಿ ಬರೆಯದೆ ಬಿಟ್ಟರೆ ಸುತ್ತಿನ ಬೆಳಿಗ್ಗೆ ಗಲಿಬಿಲಿ ಖಚಿತ.

ಗ್ರಾಜ್‌ನ ಆ ಒಂದು ಪಂದ್ಯ

ಬರೆದವರು ಹಾಜರಿದ್ದರೆ ನ್ಯಾಯ ಹೆಚ್ಚುತ್ತದೆ ಎನ್ನುವವರು 2003ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ನಡೆದದ್ದನ್ನು ಮತ್ತೆ ನೋಡಬೇಕು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾನಿ ಮತ್ತು ಶ್ರೆಡರ್ ಎಂಬ ಪ್ರೋಗ್ರಾಂಗಳು ಎದುರಾಗಿದ್ದವು. ಶ್ರೆಡರ್ ಗೆಲ್ಲುವ ಸ್ಥಿತಿಯಲ್ಲಿತ್ತು. ಆದರೆ ಅದರೊಳಗಿನ ದೋಷದಿಂದಾಗಿ ಒಂದೇ ಸ್ಥಿತಿ ಮೂರು ಬಾರಿ ಮರುಕಳಿಸಿತು; ಹಾಗಾದಾಗ ಡ್ರಾ ಕೇಳಬಹುದು. ಜಾನಿಯ ಪರದೆ ಮೂರನೇ ಪುನರಾವರ್ತನೆ ಆಯಿತೆಂದು ಸೂಚನೆ ತೋರಿಸಿತು. ಅಲ್ಲಿ ಕೂತಿದ್ದವರು ಜಾನಿಯನ್ನು ಬರೆದವರೇ. ಎದುರಾಳಿಯ ಪ್ರೋಗ್ರಾಂ ದೋಷದಿಂದ ಅರ್ಧ ಅಂಕ ಪಡೆಯುವುದು ಸರಿಯಲ್ಲವೆನಿಸಿ ಅವರು ಡ್ರಾ ಕೇಳದೆ ಆಟ ಮುಂದುವರಿಸಿದರು. ಶ್ರೆಡರ್ ಗೆದ್ದಿತು. ತೀರ್ಪುಗಾರರು ಆ ಫಲಿತಾಂಶವನ್ನು ಉಳಿಸಿದರು. ಕೊನೆಯಲ್ಲಿ ಶ್ರೆಡರ್ ಮತ್ತು ಫ್ರಿಟ್ಜ್ ಎಂಬ ಇನ್ನೊಂದು ಪ್ರೋಗ್ರಾಂ ಸಮ ಅಂಕ ಗಳಿಸಿ, ಪ್ಲೇಆಫ್‌ನಲ್ಲಿ ಶ್ರೆಡರ್ ಚಾಂಪಿಯನ್ ಆಯಿತು. ಆ ಅರ್ಧ ಅಂಕ ಕಳೆದಿದ್ದರೆ ಪ್ಲೇಆಫ್ ಬೇಕಾಗುತ್ತಲೇ ಇರಲಿಲ್ಲ, ಬಿರುದು ಫ್ರಿಟ್ಜ್‌ಗೆ ಹೋಗುತ್ತಿತ್ತು.

ಅವರ ನಡೆ ದೊಡ್ಡ ಮನಸ್ಸಿನದು, ಅದರಲ್ಲಿ ಅನುಮಾನವಿಲ್ಲ. ಆದರೆ ಫಲಿತಾಂಶದ ಕೊಂಡಿ ಮನುಷ್ಯನ ಕೈಗೆ ಬಂದದ್ದು ಅಲ್ಲೇ. ತನ್ನ ಪ್ರೋಗ್ರಾಂ ಮೇಲಿನ ಅಕ್ಕರೆ, ಎದುರಾಳಿಯ ಮೇಲಿನ ಗೌರವ, ಸೋಲಿನ ಬೇಸರ, ಯಾವುದೂ ಇಲ್ಲದ ಆಪರೇಟರ್ ಆಗಿದ್ದರೆ ಪರದೆ ಹೇಳಿದ್ದನ್ನು ತೀರ್ಪುಗಾರರಿಗೆ ತಿಳಿಸಿ ಕೂರುತ್ತಿದ್ದರು. ಡ್ರಾ ಕೇಳುವುದು, ಡ್ರಾ ಒಪ್ಪುವುದು, ಸೋಲೊಪ್ಪುವುದು ಈ ಮೂರೂ ಪ್ರೋಗ್ರಾಂ ಅಥವಾ ಮೊದಲೇ ಬರೆದ ನಿಯಮದಿಂದ ಆಗಬೇಕು. ಅಂತರ್ಜಾಲದ ಟೂರ್ನಿಗಳು ಈ ಗಂಟನ್ನು ಚೆನ್ನಾಗಿ ಬಿಡಿಸಿವೆ. ಎರಡೂ ಎಂಜಿನ್‌ಗಳ ಅಂದಾಜು, ಅಂದರೆ ಯಾರು ಎಷ್ಟು ಮುಂದಿದ್ದಾರೆಂದು ಅವು ಕೊಡುವ ಅಂಕಿ, ಸತತ ಕೆಲವು ನಡೆ ಒಂದೇ ಬದಿಗೆ ನಿಗದಿತ ಮಟ್ಟ ಮೀರಿದರೆ ಗೆಲುವು. ನಿಗದಿತ ನಡೆಯ ನಂತರ ಎರಡೂ ಸೊನ್ನೆಯ ಆಸುಪಾಸಿನಲ್ಲೇ ನಿಂತರೆ ಡ್ರಾ. ಕಾಯಿಗಳು ಆರಕ್ಕೆ ಇಳಿದರೆ ಸಿಜಿಜಿ ಟೇಬಲ್‌ಬೇಸ್, ಅಂದರೆ ಕೆಲವೇ ಕಾಯಿಗಳ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕ ಹಾಕಿಟ್ಟ ಕಡತಗಳು, ನೋಡಿ ತೀರ್ಪು. ಆರು ಕಾಯಿಗಳ ಸಿಜಿಜಿ ಕಡತಗಳು ಸುಮಾರು 150 ಗಿಗಾಬೈಟ್. ಸಂಘಟಕರ ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿ ಹಿಡಿಯುತ್ತವೆ.

ಕೂತವರನ್ನು ನೋಡಿ ಕೋಡ್ ತಿಳಿಯದು

ಹಾಜರಿ ಬೇಕೆನ್ನುವವರ ಅತಿ ಬಲವಾದ ವಾದ ಮೋಸದ ಭಯ. ದೂರದಲ್ಲಿ ಯಾವ ಎಂಜಿನ್ ಓಡುತ್ತಿದೆಯೋ, ನಡುವೆ ಯಾರು ಬದಲಿಸಿದರೋ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಾಜರಿ ಇದಕ್ಕೆ ಉತ್ತರ ಕೊಡದು. ಸಭಾಂಗಣದಲ್ಲಿ ಕೂತವರ ಮುಂದೆ ಇರುವುದು ಒಂದು ಲ್ಯಾಪ್‌ಟಾಪ್, ಅದರಲ್ಲಿ ದೂರದ ಸರ್ವರ್‌ನ ಕಪ್ಪು ಪರದೆ. ತೀರ್ಪುಗಾರರಿಗೆ ಕಾಣುವುದು ಮುಖ, ಓಡುತ್ತಿರುವ ಕಡತವಲ್ಲ.

ನಕಲು ಕೋಡ್‌ನ ಪ್ರಕರಣವನ್ನೇ ತೆಗೆದುಕೊಳ್ಳಿ. ರಿಬ್ಕಾ ಎಂಬ ಎಂಜಿನ್ 2007ರಿಂದ 2010ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿತು. ಕ್ರಾಫ್ಟಿ ಮತ್ತು ಫ್ರೂಟ್ ಎಂಬ ಎಂಜಿನ್‌ಗಳಿಂದ ಕೋಡ್ ಎತ್ತಿಕೊಂಡಿದೆ ಎಂದು ಐಸಿಜಿಎ 2011ರಲ್ಲಿ ತೀರ್ಮಾನಿಸಿ ಆ ಬಿರುದುಗಳನ್ನು ಕಿತ್ತುಕೊಂಡಿತು. ಆ ತೀರ್ಪು ಸರಿಯೇ ಎಂಬ ವಾದ ಇನ್ನೂ ಆರಿಲ್ಲ. ಅದೇನೇ ಇರಲಿ, ಆ ಟೂರ್ನಿಗಳೆಲ್ಲ ಸಭಾಂಗಣದಲ್ಲೇ, ತೀರ್ಪುಗಾರರ ಕಣ್ಣೆದುರೇ ನಡೆದಿದ್ದವು. ಪ್ರಶ್ನೆ ಎದ್ದದ್ದು ಹೊರಗೆ ಕೂತು ಯಂತ್ರಸಂಕೇತವನ್ನು ಬಿಡಿಸಿ ಓದಿದವರಿಂದ. ಗ್ರಾಜ್‌ನಲ್ಲೇ ಲಿಸ್ಟ್ ಎಂಬ ಪ್ರೋಗ್ರಾಂ ಮೂಲಸಂಕೇತ (ಸೋರ್ಸ್ ಕೋಡ್) ತೋರಿಸಲಿಲ್ಲವೆಂದು ಅನರ್ಹಗೊಂಡಿತು. ಆಮೇಲೆ ಸಂಕೇತ ಪರಿಶೀಲನೆಯಾಗಿ ನಕಲಿನ ಆರೋಪದಿಂದ ಮುಕ್ತವಾಯಿತು. ಎರಡರಲ್ಲೂ ತೂಕಕ್ಕೆ ಬಂದದ್ದು ಕೋಡ್.

ಹಾಗಾದರೆ ದೂರದ ಯಂತ್ರವನ್ನು ಪರೀಕ್ಷಿಸುವುದು ಹೇಗೆ? ಟೂರ್ನಿಗೆ ಮುನ್ನ ಎಂಜಿನ್ ಕಡತ, ಸ್ಥಿತಿಯನ್ನು ಅಳೆಯುವ ನರಜಾಲದ (ನ್ಯೂರಲ್ ನೆಟ್‌ವರ್ಕ್) ಕಡತ, ಆರಂಭದ ನಡೆಗಳ ಸಂಗ್ರಹವಾದ ಓಪನಿಂಗ್ ಬುಕ್, ಸೆಟ್ಟಿಂಗ್‌ಗಳ ಪಟ್ಟಿ ನಾಲ್ಕಕ್ಕೂ ಶಾ-256 ಗುರುತು, ಅಂದರೆ ಕಡತ ತುಸು ಬದಲಾದರೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ, ತೆಗೆದು ತೀರ್ಪುಗಾರರ ಬಳಿ ಇಡಬೇಕು. ಪಂದ್ಯದ ಪೂರ್ತಿ ಲಾಗ್, ಅಂದರೆ ಪ್ರತಿ ನಡೆಯ ಆಳ, ನೋಡಿದ ಸ್ಥಿತಿಗಳ ಸಂಖ್ಯೆ, ಅಂದಾಜು, ಸಮಯ, ಮುಂದಿನ ನಡೆಗಳ ಸಾಲು, ಎಲ್ಲವೂ ಆಟ ನಡೆಯುವಾಗಲೇ ಸಂಘಟಕರ ಸರ್ವರ್‌ಗೆ ಹರಿದುಬರಬೇಕು. ಆಟ ಮುಗಿದ ಮೇಲೆ ಕಳಿಸಿದ ಲಾಗ್‌ಗೆ ಬೆಲೆ ಕಡಿಮೆ, ಅದನ್ನು ತಿದ್ದಬಹುದು. ಅನುಮಾನ ಬಂದರೆ ಆ ಗುರುತಿಗೆ ಹೊಂದುವ ಕಡತವನ್ನೇ ಓಡಿಸಿ ನೋಡಬೇಕು.

ಇಲ್ಲಿ ಒಂದು ಸೂಕ್ಷ್ಮ ತಿಳಿದಿರಲಿ, ಇದನ್ನು ತಪ್ಪಾಗಿ ಓದಿ ಅಮಾಯಕರ ಮೇಲೆ ಆರೋಪ ಹೊರಿಸಿಬಿಡಬಹುದು. ಒಂದೇ ಥ್ರೆಡ್ (ಪ್ರೊಸೆಸರ್‌ನಲ್ಲಿ ಓಡುವ ಲೆಕ್ಕದ ಒಂದು ಎಳೆ), ಖಾಲಿ ಹ್ಯಾಶ್ ಟೇಬಲ್, ನಿಗದಿತ ಸ್ಥಿತಿಗಳ ಸಂಖ್ಯೆ ಇದ್ದರೆ ಸಾಮಾನ್ಯವಾಗಿ ಎಂಜಿನ್ ಪ್ರತಿ ಸಲವೂ ಅದೇ ನಡೆ ಕೊಡುತ್ತದೆ. ಹಲವು ಥ್ರೆಡ್‌ಗಳಲ್ಲಿ ಓಡಿಸಿದರೆ ಹಾಗಾಗದು. ಎಲ್ಲ ಥ್ರೆಡ್‌ಗಳೂ ಒಂದೇ ಹ್ಯಾಶ್ ಟೇಬಲ್‌ಗೆ ಬರೆಯುತ್ತ ಓದುತ್ತ ಹೋಗುವುದರಿಂದ ಯಾವುದು ಮೊದಲು ಬರೆಯಿತು ಎಂಬುದು ಪ್ರತಿ ಬಾರಿ ಬದಲಾಗುತ್ತದೆ, ಅದರೊಂದಿಗೆ ನಡೆಯೂ ಬದಲಾಗಬಹುದು. ಮೇಲಾಗಿ ನಿಜವಾದ ಆಟದಲ್ಲಿ ಹಿಂದಿನ ನಡೆಗಳ ಲೆಕ್ಕ ಟೇಬಲ್‌ನಲ್ಲಿ ಉಳಿದಿರುತ್ತದೆ. ಹಾಗಾಗಿ ಒಂದು ಸ್ಥಿತಿಯನ್ನು ಮಾತ್ರ ಹಾಕಿ ನೋಡಿ ನಡೆ ಹೊಂದಲಿಲ್ಲ ಎಂದು ತೀರ್ಪು ಕೊಡಬಾರದು. ಆಟವನ್ನು ಮೊದಲಿನಿಂದ ಅದೇ ಸಮಯ ಕೊಟ್ಟು ಓಡಿಸಿ, ಅನುಮಾನದ ನಡೆಗಳಲ್ಲಿ ಹತ್ತು ಬಾರಿ ಮರುಕಳಿಸಿ, ಆಡಿದ ನಡೆ ಮತ್ತು ಅಂದಾಜಿನ ಹರವು ಅದರೊಳಗೆ ಬರುತ್ತದೆಯೇ ಎಂದು ನೋಡಬೇಕು. ಒಂದು ನಡೆ ಹೊರಗುಳಿದರೆ ಏನೂ ಸಾಬೀತಾಗದು. ಆಟದುದ್ದಕ್ಕೂ ಅಂದಾಜುಗಳೇ ಬೇರೆ ಜಾಡು ಹಿಡಿದಿದ್ದರೆ ಪ್ರಶ್ನೆ ಕೇಳಲು ಆಧಾರ ಸಿಗುತ್ತದೆ.

ಸಂಪರ್ಕ ಕಡಿಯುವುದು ಬೇರೆಯೇ ತಲೆನೋವು. 1995ರಲ್ಲಿ ಹಾಂಕಾಂಗ್‌ನಲ್ಲಿ ಐಬಿಎಂನ ಡೀಪ್ ಬ್ಲೂ ಪೂರ್ವರೂಪ ಅಮೆರಿಕದಲ್ಲಿದ್ದ ಯಂತ್ರದಲ್ಲಿ ಓಡುತ್ತಿತ್ತು. 90 ಮೆಗಾಹರ್ಟ್ಸ್ ಪೆಂಟಿಯಂ ಮೇಲೆ ಓಡುತ್ತಿದ್ದ ಫ್ರಿಟ್ಜ್ ಎದುರು ಆಟದ ನಡುವೆ ಸಂಪರ್ಕ ಹೋಗಿ ಮತ್ತೆ ಜೋಡಿಸಬೇಕಾಯಿತು. ಆ ಪಂದ್ಯವನ್ನು ಡೀಪ್ ಬ್ಲೂ ಸೋತಿತು, ಫ್ರಿಟ್ಜ್ ವಿಶ್ವ ಚಾಂಪಿಯನ್ ಆಯಿತು. ಸೋಲಿಗೆ ಅದೊಂದೇ ಕಾರಣವೆನ್ನಲಾಗದು, ಆದರೆ ಪಾಠ ಇಂದಿಗೂ ಹಳತಾಗಿಲ್ಲ. ದೂರದ ಯಂತ್ರದಲ್ಲಿ ಎಂಜಿನನ್ನು ಟಿಮಕ್ಸ್‌ನಂಥ ಸಾಧನದೊಳಗೆ ಓಡಿಸಬೇಕು. ದೂರದ ಯಂತ್ರಕ್ಕೆ ಜೋಡಿಸುವ ಎಸ್‌ಎಸ್‌ಎಚ್ ಸಂಪರ್ಕ ಕಡಿದರೂ ಎಂಜಿನ್ ನಿಲ್ಲದೆ ಯೋಚಿಸುತ್ತಿರುತ್ತದೆ, ಮತ್ತೆ ಸೇರಿಕೊಂಡಾಗ ಅದೇ ಜಾಗದಲ್ಲಿ ಸಿಗುತ್ತದೆ. ಸಭಾಂಗಣದ ಜಾಲದ ಜೊತೆಗೆ ಮೊಬೈಲ್ ಸಂಪರ್ಕ ಎರಡನೇ ದಾರಿಯಾಗಿರಲಿ. ಬಾಡಿಗೆ ಸರ್ವರ್ ಪಡೆಯುವಾಗ ಅಗ್ಗವೆಂದು ಸ್ಪಾಟ್ ಯಂತ್ರ ಹಿಡಿಯಬಾರದು, ಕಂಪನಿ ಆಟದ ನಡುವೆಯೇ ಅದನ್ನು ಹಿಂದೆ ತೆಗೆದುಕೊಳ್ಳಬಹುದು. ಸಂಕೇತ ಹೋಗಿಬರುವ ವಿಳಂಬಕ್ಕೆ ಹೆದರಬೇಕಿಲ್ಲ. ಖಂಡಾಂತರವಾದರೂ ಅದು ಸೆಕೆಂಡಿನ ಒಂದು ಭಾಗ. ಕೈಯಾರೆ ಕಾಯಿ ಸರಿಸುವ ಐದು ಸೆಕೆಂಡಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಸಂಘಟಕರ ಯಂತ್ರದಲ್ಲಿ

2010ರಲ್ಲಿ ಶುರುವಾದ ಟಿಸಿಇಸಿ ಎಂಬ ಅಂತರ್ಜಾಲದ ಎಂಜಿನ್ ಟೂರ್ನಿ ಮತ್ತು 2017ರಲ್ಲಿ ಚೆಸ್ ಡಾಟ್ ಕಾಮ್ ಆರಂಭಿಸಿದ ಕಂಪ್ಯೂಟರ್ ಚಾಂಪಿಯನ್‌ಷಿಪ್ ಇನ್ನೊಂದು ದಾರಿ ಹಿಡಿದವು. ಎಂಜಿನ್‌ಗಳು ಸಂಘಟಕರ ಯಂತ್ರಗಳಲ್ಲೇ ಓಡುತ್ತವೆ, ನಡೆಗಳು ಯುಸಿಐ ಎಂಬ ಸಂಪರ್ಕ ಕ್ರಮದಲ್ಲಿ ತಾವಾಗಿಯೇ ಹರಿಯುತ್ತವೆ. ಕಾಯಿ ಸರಿಸುವವರೂ ಇಲ್ಲ, ಗಡಿಯಾರ ಒತ್ತುವವರೂ ಇಲ್ಲ. ಟಿಸಿಇಸಿಯ ಅಂತಿಮ ಹಣಾಹಣಿ 100 ಪಂದ್ಯಗಳದ್ದು; ಒಂದೊಂದು ಆರಂಭವನ್ನೂ ಬಣ್ಣ ಬದಲಿಸಿ ಎರಡು ಬಾರಿ ಆಡಿಸುತ್ತಾರೆ. ಸಭಾಂಗಣದ ಒಂಬತ್ತು ಪಂದ್ಯಗಳಿಗಿಂತ ಬಲದ ಅಳತೆಗೆ ಇದು ಎಷ್ಟೋ ಮೇಲು. ಇಲ್ಲಿ ಪ್ರೋಗ್ರಾಮರ್ ಹಾಜರಿ ಕೇಳುವುದರಲ್ಲಿ ಅರ್ಥವೇ ಇಲ್ಲ.

ಹಾಜರಿಯ ಕಷ್ಟ ಹೋದರೂ ಸಿದ್ಧತೆಯ ಕಷ್ಟ ಹೆಚ್ಚುತ್ತದೆ. ಕಂಡಿರದ ಯಂತ್ರದಲ್ಲಿ ತನ್ನ ಎಂಜಿನ್ ಸರಿಯಾಗಿ ಓಡುವಂತೆ ಕಳಿಸಬೇಕು. ಕೆಲವು ಪ್ರೊಸೆಸರ್‌ಗಳಷ್ಟೇ ಅರಿಯುವ ಎವಿಎಕ್ಸ್-512 ಸೂಚನೆಗಳಿಗೆಂದು ಕಂಪೈಲ್ ಮಾಡಿದ ಕಡತ ಅವನ್ನು ಅರಿಯದ ಪ್ರೊಸೆಸರ್‌ನಲ್ಲಿ ಮೊದಲ ಹೆಜ್ಜೆಯಲ್ಲೇ ಬೀಳುತ್ತದೆ. ಹೆಚ್ಚು ಪ್ರೊಸೆಸರ್‌ಗಳು ಅರಿಯುವ ಎವಿಎಕ್ಸ್2 ಆವೃತ್ತಿಯನ್ನೂ ಜೊತೆಗೆ ಕಳಿಸುವುದು ಜಾಣತನ. ಲಿನಕ್ಸ್‌ನಲ್ಲಿ ಗ್ರಂಥಾಲಯಗಳ ಆವೃತ್ತಿ ಹೊಂದದೆ ನಿಲ್ಲುವುದು ಸಾಮಾನ್ಯ, ಎಲ್ಲವನ್ನೂ ಒಳಗೇ ಸೇರಿಸಿ ಕಟ್ಟಿದ ಕಡತ ಆ ತೊಂದರೆ ತಪ್ಪಿಸುತ್ತದೆ. ನರಜಾಲದ ಕಡತ ಪ್ರತ್ಯೇಕವಾಗಿದ್ದರೆ ಅದು ಎಂಜಿನ್‌ಗೆ ಸಿಗದೆ ಹೋಗಬಹುದು. ಟೇಬಲ್‌ಬೇಸ್ ಎರಡು ಫೋಲ್ಡರ್‌ಗಳಲ್ಲಿದ್ದರೆ ನಡುವಿನ ಚಿಹ್ನೆ ಲಿನಕ್ಸ್‌ನಲ್ಲಿ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್. ತಪ್ಪು ಹಾಕಿದರೆ ಎಂಜಿನ್ ದೂರು ಹೇಳದೆ ಟೇಬಲ್‌ಬೇಸ್ ಇಲ್ಲದೆಯೇ ಆಡಿಬಿಡಬಹುದು. ಸಮಯ ಮೀರುವ ಸೋಲುಗಳ ಹಿಂದೆ ಹಲವು ಬಾರಿ ಇರುವುದು ಮೂವ್ ಓವರ್‌ಹೆಡ್ ಎಂಬ ಸೆಟ್ಟಿಂಗ್, ಅಂದರೆ ನಡೆ ತಲುಪುವ ವಿಳಂಬಕ್ಕೆಂದು ಎಂಜಿನ್ ಪಕ್ಕಕ್ಕಿಡುವ ಸಮಯ. ಸ್ಟಾಕ್‌ಫಿಶ್ ಎಂಬ ಎಂಜಿನ್‌ನಲ್ಲಿ ಅದು ಹುಟ್ಟಿನಿಂದ 10 ಮಿಲಿಸೆಕೆಂಡ್. ಒಂದೇ ಯಂತ್ರದೊಳಗೆ ಅಷ್ಟು ಸಾಕಾಗಬಹುದು, ಜಾಲ ನಡುವೆ ಬಂದರೆ 500–1000 ಮಿಲಿಸೆಕೆಂಡ್‌ಗೆ ಏರಿಸುವುದು ಒಳಿತು.

ಕಳಿಸುವ ಮುನ್ನ ಎಂಜಿನ್‌ಗಳನ್ನು ಪರಸ್ಪರ ಆಡಿಸುವ ಕ್ಯೂಟ್‌ಚೆಸ್‌ನಂಥ ಸಾಧನದಲ್ಲಿ ಪಂದ್ಯಕ್ಕೆ ಹತ್ತು ಸೆಕೆಂಡ್ ಮತ್ತು ನಡೆಗೆ ಹೆಚ್ಚುವರಿ 0.1 ಸೆಕೆಂಡ್ ಲೆಕ್ಕದಲ್ಲಿ ಕನಿಷ್ಠ 200 ಪಂದ್ಯ ಆಡಿಸಿ, ಸಮಯ ಮೀರಿದ್ದು, ಅಕ್ರಮ ನಡೆ, ನಡುವೆ ನಿಂತದ್ದು ಮೂರೂ ಸೊನ್ನೆ ಎಂದು ಖಚಿತಪಡಿಸಿಕೊಳ್ಳಬೇಕು. ಬರೆದವರು ಸಭಾಂಗಣದಲ್ಲಿದ್ದರೆ ಇಂಥ ದೋಷವನ್ನು ಸುತ್ತುಗಳ ನಡುವೆ ತಿದ್ದಿಬಿಡುತ್ತಿದ್ದರು ಎಂಬುದು ನಿಜ. ಅದೇ ಸೌಲಭ್ಯ ದೂರದಿಂದಲೂ ಸಾಧ್ಯ, ಸಂಘಟಕರು ತಿದ್ದುವ ಅವಧಿಯನ್ನು ಗಂಟೆ ನಿಮಿಷ ಸಮೇತ ಹೇಳಿದ್ದರೆ ಸಾಕು.

ಉಳಿಯುವ ಒಂದು ನಷ್ಟ

ಸಭಾಂಗಣದ ಪರವಾಗಿ ನಾವು ಮನಸಾರೆ ಒಪ್ಪುವ ವಾದ ಒಂದಿದೆ. ಸುತ್ತುಗಳ ನಡುವೆ ನಡೆಯುವ ಮಾತು. ಎರಡು ಎಂಜಿನ್‌ಗಳ ಅಂದಾಜು ಒಂದೇ ಸ್ಥಿತಿಯಲ್ಲಿ ಬೇರೆಬೇರೆ ದಿಕ್ಕಿಗೆ ಹೋದಾಗ ಅವನ್ನು ಬರೆದವರಿಬ್ಬರೂ ಪಕ್ಕಪಕ್ಕ ಕೂತು ಕಾರಣ ಹುಡುಕುವುದಕ್ಕೆ ಬೇರೆ ಯಾವುದೂ ಸಾಟಿಯಲ್ಲ. ಹೊಸಬರಿಗಂತೂ ಅದು ವರ್ಷದ ಓದಿಗೆ ಸಮ. ಆದರೆ ಇದು ಆಮಂತ್ರಣಕ್ಕೆ ಕಾರಣವಾಗಬೇಕೇ ಹೊರತು ಅನರ್ಹತೆಗೆ ಅಲ್ಲ. ಫ್ರೂಟ್‌ನ ಮೂಲಸಂಕೇತ ಬಹಿರಂಗವಾಗಿದ್ದರಿಂದ ಇಡೀ ತಲೆಮಾರಿನ ಎಂಜಿನ್‌ಗಳು ಕಲಿತವು. ಅದಕ್ಕಾಗಿ ಯಾರೂ ವಿಮಾನ ಹತ್ತಲಿಲ್ಲ.

ಇನ್ನು ಬರೆದವರು ಎಂದರೆ ಯಾರು? ಸ್ಟಾಕ್‌ಫಿಶ್‌ಗೆ ನೂರಾರು ಜನ ಕೋಡ್ ಕೊಟ್ಟಿದ್ದಾರೆ, ಬದಲಾವಣೆಗಳನ್ನು ಪರೀಕ್ಷಿಸಲು ಸ್ವಯಂಸೇವಕರ ಕಂಪ್ಯೂಟರ್‌ಗಳು 2013ರಿಂದ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆಯಲ್ಲಿ ದುಡಿಯುತ್ತಿವೆ. ಅದರ ಪ್ರೋಗ್ರಾಮರ್ ಬಂದು ಕೂರಲಿ ಎಂದರೆ ಯಾರನ್ನು ಕರೆಯುವುದು? ಸ್ಟಾಕ್‌ಫಿಶ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಲೇ ಇಲ್ಲ. ಅತ್ಯಂತ ಬಲಿಷ್ಠ ಎಂಜಿನ್ ಹೊರಗಿರುವಾಗ ಗೆದ್ದ ವಿಶ್ವ ಬಿರುದಿನ ತೂಕ ವರ್ಷದಿಂದ ವರ್ಷಕ್ಕೆ ಇಳಿಯಿತು. ಸಮುದಾಯವೇ ಬರೆದ ಎಂಜಿನ್‌ಗಳಿಗೆ ಬಾಗಿಲು ತೆರೆಯಬೇಕಾದರೆ ನಿಯಮದಲ್ಲಿ ಬರೆದವರ ಜಾಗಕ್ಕೆ ಜವಾಬ್ದಾರ ಪ್ರತಿನಿಧಿ ಎಂಬ ಪದ ಬರಬೇಕು: ಲಿಖಿತ ಒಪ್ಪಿಗೆ ಪಡೆದವರು, ಮೂಲಸಂಕೇತ ಕೇಳಿದರೆ ನಿಗದಿತ ಗಂಟೆಗಳೊಳಗೆ ತೋರಿಸಬಲ್ಲವರು, ಸುತ್ತು ನಡೆಯುವಾಗ ಕರೆಗೆ ಸಿಗುವವರು.

ಟೂರ್ನಿಯ ಪ್ರಕಟಣೆಯಲ್ಲಿ ಈ ಸಂಗತಿಗಳನ್ನು ಮೊದಲ ಪುಟದಲ್ಲೇ ಬರೆದುಬಿಟ್ಟರೆ ಮುಕ್ಕಾಲು ಜಗಳ ನಿಲ್ಲುತ್ತದೆ. ಯಂತ್ರ ಸಂಘಟಕರದ್ದಾದರೆ ಯಾರೂ ಬರಬೇಕಿಲ್ಲ, ಕಡತ ಮತ್ತು ಪ್ರತಿನಿಧಿಯ ಸಂಪರ್ಕ ಸಾಕು. ಯಂತ್ರವನ್ನು ಸಭಾಂಗಣಕ್ಕೆ ತರುವುದಾದರೆ ಆಪರೇಟರ್ ಬರಲಿ, ಅವರು ಯಾರೇ ಆಗಿರಲಿ. ಯಂತ್ರ ದೂರದಲ್ಲಿದ್ದರೆ ಆಪರೇಟರ್ ಜೊತೆಗೆ ಶಾ-256 ಗುರುತು ಮತ್ತು ಹರಿದುಬರುವ ಲಾಗ್ ಕಡ್ಡಾಯ. ಸಂಪರ್ಕ ಕಡಿದರೆ ಎಷ್ಟು ಬಾರಿ ಮರು ಆರಂಭಿಸಬಹುದು, ಆಗ ಗಡಿಯಾರ ನಿಲ್ಲುತ್ತದೆಯೋ ಓಡುತ್ತದೆಯೋ ಎಂಬುದೂ ಅಲ್ಲೇ ಇರಲಿ. ಓಡುತ್ತಲೇ ಇರಲಿ ಎಂಬುದು ನಮ್ಮ ಸಲಹೆ. ನಿಂತರೆ ಆ ಹೊತ್ತಿನಲ್ಲೂ ದೂರದ ಎಂಜಿನ್ ಯೋಚಿಸುತ್ತಿರಬಹುದು, ಅದನ್ನು ತಡೆಯುವ ದಾರಿ ಸಭಾಂಗಣದಲ್ಲಿ ಕೂತ ಯಾರ ಬಳಿಯೂ ಇಲ್ಲ.